ಮನೆಗೆ ಬಿದಿರಿನ ನೆಲಹಾಸು: ನೀವೇ ಹಾಸಲು ಹೊರಟರೆ ಪದೇ ಪದೇ ಬರುವ ಪ್ರಶ್ನೆಗಳು

ಬಿದಿರಿನ ನೆಲದ ಮಾತು ಬಂದಾಗಲೆಲ್ಲ ಕೆಲವೇ ಪ್ರಶ್ನೆಗಳು ತಿರುಗಿ ತಿರುಗಿ ಬರುತ್ತವೆ. ಮನೆ ಕಟ್ಟುತ್ತಿರುವವರು, ಫ್ಲ್ಯಾಟಿನ ಒಂದು ಕೋಣೆ ಬದಲಿಸಬೇಕು ಅಂದುಕೊಂಡವರು, ಹಾಸಿದ ಮೇಲೆ ತೊಂದರೆಗೆ ಸಿಕ್ಕವರು ಕೇಳಿದ್ದನ್ನು ಅವರ ಮಾತಲ್ಲೇ ಇಲ್ಲಿ ಕೊಟ್ಟಿದ್ದೇನೆ. ಉತ್ತರಗಳು ನಮ್ಮ ಕಡೆಯ ಮನೆಗಳಿಗೆ, ಅಂದರೆ ಕೆಳಗೆ ಕಾಂಕ್ರೀಟು, ಮೇಲೆ ಟೈಲ್ಸ್ ಅಥವಾ ಗ್ರಾನೈಟ್ ಇರುವ ಮನೆಗಳಿಗೆ ಹೊಂದುವಂಥವು. ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಬಿದಿರಿನ ನೆಲ ಕೆಡುವುದು ಹೆಚ್ಚಾಗಿ ಹಲಗೆಯಿಂದಲ್ಲ, ತೇವದಿಂದ. ಹಾಸುವ ಕೈಚಳಕಕ್ಕಿಂತ ಹಾಸುವ ಮೊದಲಿನ ಪರೀಕ್ಷೆಗೇ ಜಾಸ್ತಿ ಗಮನ ಕೊಡಿ.

## ಮೊದಲು ಕೇಳುವ ಪ್ರಶ್ನೆಗಳು

ಬಿದಿರು ಅಂದ್ರೆ ಹುಲ್ಲಲ್ವಾ? ನೆಲಕ್ಕೆ ಹಾಕಿದ್ರೆ ಗಟ್ಟಿ ಇರುತ್ತಾ?

ಹೌದು, ಬಿದಿರು ಹುಲ್ಲಿನ ಜಾತಿಯದೇ. ಆದರೆ ನೆಲಕ್ಕೆ ಬರುವುದು ಸೀಳಿದ ಹಸಿ ಬಿದಿರಲ್ಲ. ಬೆಳೆದ ಬಿದಿರನ್ನು ಉದ್ದುದ್ದ ಪಟ್ಟಿಗಳಾಗಿ ಸೀಳುತ್ತಾರೆ. ಹೊರಗಿನ ಹಸಿರು ಸಿಪ್ಪೆ ತೆಗೆದು, ಬೇಯಿಸಿ, ಒಣಗಿಸಿ, ಅಂಟು ಹಾಕಿ ಒತ್ತಿ ಹಲಗೆ ಮಾಡುತ್ತಾರೆ.

ಮರದ ಗಡಸುತನ ಅಳೆಯಲು ಜಂಕಾ ಎಂಬ ಪರೀಕ್ಷೆ ಇದೆ. ಒಂದು ಸಣ್ಣ ಉಕ್ಕಿನ ಗುಂಡನ್ನು ಅರ್ಧದಷ್ಟು ಮರದೊಳಗೆ ಒತ್ತಲು ಎಷ್ಟು ಬಲ ಬೇಕು ಅಂತ ನೋಡುತ್ತಾರೆ. ಅಮೆರಿಕದಲ್ಲಿ ನೆಲಕ್ಕೆ ತುಂಬಾ ಬಳಸುವ ರೆಡ್ ಓಕ್ ಮರಕ್ಕೆ 1290 ಪೌಂಡ್ ಬೇಕು. ನಮ್ಮ ತೇಗ ಅದಕ್ಕಿಂತ ಸ್ವಲ್ಪ ಮೆತ್ತಗೆ. ಸಾಮಾನ್ಯ ಬಿದಿರಿನ ಹಲಗೆ ಹೆಚ್ಚುಕಮ್ಮಿ ರೆಡ್ ಓಕ್‌ಗೆ ಸಮ. ಸ್ಟ್ರ್ಯಾಂಡ್ ವೋವನ್ ಎಂಬ ಬಗೆಯದು ಸುಮಾರು 3000 ಮುಟ್ಟುತ್ತದೆ. ಹಾಗಾಗಿ ಗಟ್ಟಿತನದ ಬಗ್ಗೆ ಚಿಂತೆ ಬೇಡ. ಚಿಂತೆ ಮಾಡಬೇಕಾದದ್ದು ನೀರಿನ ಬಗ್ಗೆ.

ನಮ್ಮ ಕಾಡಲ್ಲೇ ಇಷ್ಟು ಬಿದಿರಿದೆ. ಅದರಿಂದಲೇ ಮಾಡಿದ ಹಲಗೆ ಸಿಗಲ್ವಾ?

ನೆಲಹಾಸಿಗೆ ಜಗತ್ತಿನಲ್ಲಿ ಹೆಚ್ಚಾಗಿ ಬಳಸುವುದು ಚೀನಾದ ಮೋಸೊ ಬಿದಿರು. ದಪ್ಪ, ನೇರ, ಮುಳ್ಳಿಲ್ಲ. ಐದಾರು ವರ್ಷಕ್ಕೆ ಕಡಿಯಲು ಬರುತ್ತದೆ. ನಮ್ಮ ಹೆಬ್ಬಿದಿರಿಗೆ ಮುಳ್ಳು ಜಾಸ್ತಿ, ಮೆಳೆಯೊಳಗಿಂದ ಎಳೆದು ತರುವುದೇ ಕಷ್ಟ, ಬೊಂಬು ಅಷ್ಟು ನೇರವೂ ಇರುವುದಿಲ್ಲ. ಕಿರುಬಿದಿರು ಗಟ್ಟಿ, ಆದರೆ ಸಪೂರ.

ಕಾನೂನೂ ಬಹಳ ಕಾಲ ಅಡ್ಡ ಬಂದಿತ್ತು. 2017ರಲ್ಲಿ ಭಾರತೀಯ ಅರಣ್ಯ ಕಾಯ್ದೆಗೆ ತಿದ್ದುಪಡಿ ಆದ ಮೇಲೆ, ಕಾಡಿನ ಹೊರಗೆ ಬೆಳೆದ ಬಿದಿರು 'ಮರ'ದ ಪಟ್ಟಿಯಿಂದ ಹೊರಬಂತು. ರೈತರು ಕಡಿದು ಸಾಗಿಸುವುದು ಸುಲಭವಾಯಿತು. ಬೆಂಗಳೂರಿನ ಇಪಿರ್ಟಿ ಎಂಬ ಪ್ಲೈವುಡ್ ಸಂಶೋಧನಾ ಸಂಸ್ಥೆ ಬಿದಿರಿನ ಚಾಪೆಯಿಂದ ಬೋರ್ಡ್ ಮಾಡುವ ವಿಧಾನವನ್ನು ಎಷ್ಟೋ ಮೊದಲೇ ರೂಪಿಸಿತ್ತು. ತ್ರಿಪುರಾದಲ್ಲಿ ಬಿದಿರಿನ ನೆಲಹಾಸೂ ತಯಾರಾಗುತ್ತದೆ. ಆದರೂ ನಮ್ಮ ಪೇಟೆಯ ಅಂಗಡಿಗಳಲ್ಲಿ ಆಮದಿನದೇ ಜಾಸ್ತಿ. ನಮ್ಮ ದೇಶದ್ದು ಸಿಕ್ಕರೆ, ಒಣಗಿಸಿದ್ದು ಮತ್ತು ಅಂಟು ಚೆನ್ನಾಗಿದ್ದರೆ, ಅದನ್ನೇ ತಗೊಳ್ಳಿ ಅನ್ನುವುದು ನನ್ನ ಆಸೆ.

ಮನೇಲಿ ಎಲ್ಲಾ ಕಡೆ ಹಾಕಬಹುದಾ? ಅಡುಗೆಮನೆ, ದೇವರಮನೆಗೆ?

ಮಲಗುವ ಕೋಣೆ, ಓದುವ ಕೋಣೆ, ಮೇಲಿನ ಮಹಡಿಯ ಹಾಲ್: ಧಾರಾಳವಾಗಿ ಹಾಕಿ. ಬಚ್ಚಲು, ಬಟ್ಟೆ ಒಗೆಯುವ ಜಾಗ, ಬಾಲ್ಕನಿಗೆ ಬೇಡವೇ ಬೇಡ. ಅಡುಗೆಮನೆಗೂ ನಾನು ಬೇಡ ಅಂತಲೇ ಹೇಳುತ್ತೇನೆ. ನಮ್ಮ ಅಡುಗೆಮನೆಯಲ್ಲಿ ಸಿಂಕಿನ ಕೆಳಗೆ ನೀರು ಬೀಳುತ್ತದೆ, ಸಿಲಿಂಡರ್ ಎಳೆದಾಡುತ್ತೇವೆ, ಗ್ರೈಂಡರ್ ತೊಳೆಯುತ್ತೇವೆ. ಇದಕ್ಕೆಲ್ಲ ಕಲ್ಲು, ಟೈಲ್ಸೇ ಸರಿ. ದೇವರಮನೆಯಲ್ಲಿ ಅಭಿಷೇಕದ ನೀರು, ದೀಪದ ಎಣ್ಣೆ, ಕುಂಕುಮ, ಅರಿಸಿನ ಬೀಳುತ್ತವೆ. ಅರಿಸಿನದ ಕಲೆ ಹೋಗುವುದು ಕಷ್ಟ. ಅದನ್ನೂ ಕಲ್ಲಿಗೇ ಬಿಡಿ.

ನಾನು ಬಡಗಿ ಅಲ್ಲ. ನನ್ನ ಕೈಲಿ ಆಗುತ್ತಾ?

ಕ್ಲಿಕ್ ಲಾಕ್ ಹಲಗೆಯಾದರೆ ಖಂಡಿತ ಆಗುತ್ತದೆ. ಒಂದು ಹಲಗೆಯ ಅಂಚಿನಲ್ಲಿ ಚಾಚಿರುವ ನಾಲಿಗೆಯನ್ನು ಇನ್ನೊಂದರ ಗ್ರೂವ್‌ಗೆ, ಅಂದರೆ ಅಂಚಿನಲ್ಲಿ ಕೊರೆದ ಸೀಳಿಗೆ, ಓರೆಯಾಗಿ ಇಟ್ಟು ಕೆಳಗೆ ಒತ್ತಿದರೆ ಲಾಕ್ ಆಗಿ ಕೂರುತ್ತದೆ. ನೆಲಕ್ಕೆ ಅಂಟೂ ಇಲ್ಲ, ಮೊಳೆಯೂ ಇಲ್ಲ. ಇಡೀ ಹಾಸು ತನ್ನ ತೂಕದಿಂದಲೇ ನೆಲದ ಮೇಲೆ ಕೂತಿರುತ್ತದೆ. ಟೇಪು ಹಿಡಿದು ಸರಿಯಾಗಿ ಅಳೆಯಲು, ಗರಗಸದಲ್ಲಿ ನೇರ ಕೊಯ್ಯಲು ಬಂದರೆ ಸಾಕು. ಜೊತೆಗೆ ಇನ್ನೊಬ್ಬರು ಇರಲಿ, ಉದ್ದ ಹಲಗೆಯನ್ನು ಒಬ್ಬರೇ ಕೂರಿಸುವುದು ಕಷ್ಟ. ಮೊದಲ ಸಲ ಮಾಡುವವರು ಹಾಲ್‌ಗೆ ಕೈ ಹಾಕಬೇಡಿ. ಹತ್ತು ಹನ್ನೆರಡು ಅಡಿಯ ಒಂದು ಮಲಗುವ ಕೋಣೆ ಆರಿಸಿಕೊಳ್ಳಿ. ನೆಲ ತಯಾರಿದ್ದರೆ ಇಬ್ಬರು ಸೇರಿ ಒಂದು ಶನಿವಾರ, ಭಾನುವಾರದಲ್ಲಿ ಮುಗಿಸಬಹುದು.

ತಾತನ ಕಾಲದ ರೆಡ್ ಆಕ್ಸೈಡ್ ನೆಲ ಇದೆ. ಅದರ ಮೇಲೆ ಹಾಕಲಾ?

ನೆಲ ಬಿರುಕಿಲ್ಲದೆ ಹೊಳೆಯುತ್ತಿದ್ದರೆ ದಯವಿಟ್ಟು ಮುಚ್ಚಬೇಡಿ. ಅಂಥ ಗಾರೆ ಕೆಲಸ ಮಾಡುವವರು ಈಗ ಸಿಗುವುದೇ ಅಪರೂಪ. ನೆಲ ಹಾಳಾಗಿದ್ದು, ರಿಪೇರಿಗೆ ಜನ ಸಿಗದಿದ್ದರೆ ಮಾತ್ರ ಹಾಸಿ. ಅದೂ ಅಂಟಿಲ್ಲದ ಕ್ಲಿಕ್ ಹಲಗೆಯನ್ನೇ. ಮುಂದೆ ಯಾರಾದರೂ ತೆಗೆದರೆ ಹಳೆಯ ನೆಲ ಹಾಗೇ ಇರುತ್ತದೆ. ಹಳೆಯ ಮನೆಗಳ ತಳಪಾಯದಲ್ಲಿ ತೇವ ತಡೆಯುವ ಪದರ ಇಲ್ಲದಿರುವುದು ಜಾಸ್ತಿ, ಹಾಗಾಗಿ ಮುಂದೆ ಹೇಳಿರುವ ತೇವದ ಪರೀಕ್ಷೆಯನ್ನು ಬಿಡಲೇಬೇಡಿ.

## ಕೊಳ್ಳುವಾಗ

ಅಂಗಡಿಯವರು ಮೂರು ಥರ ತೋರಿಸಿದರು. ಯಾವುದು ತಗೊಳ್ಳಲಿ?

ಪಟ್ಟಿಗಳನ್ನು ಮಲಗಿಸಿ ಅಂಟಿಸಿದ್ದು ಒಂದು. ಅದರಲ್ಲಿ ಬಿದಿರಿನ ಗಿಣ್ಣು ಎದ್ದು ಕಾಣುತ್ತದೆ. ಪಟ್ಟಿಗಳನ್ನು ನಿಲ್ಲಿಸಿ ಅಂಟಿಸಿದ್ದು ಇನ್ನೊಂದು. ಅದರಲ್ಲಿ ಸಣ್ಣ ಸಣ್ಣ ಗೆರೆ ಕಾಣುತ್ತವೆ. ಮೂರನೆಯದು ಸ್ಟ್ರ್ಯಾಂಡ್ ವೋವನ್. ಬಿದಿರನ್ನು ನಾರುನಾರಾಗಿ ಬಿಡಿಸಿ, ಅಂಟಿನಲ್ಲಿ ಅದ್ದಿ, ಭಾರಿ ಒತ್ತಡದಲ್ಲಿ ಇಟ್ಟಿಗೆಯ ಹಾಗೆ ಒತ್ತಿ, ಆಮೇಲೆ ಹಲಗೆ ಕೊಯ್ಯುತ್ತಾರೆ. ನೋಡಲು ಮರದ ಹಾಗೇ ಇರುತ್ತದೆ.

ಮಕ್ಕಳು, ನಾಯಿ, ಕಬ್ಬಿಣದ ಮಂಚ ಇರುವ ಮನೆಗೆ ಸ್ಟ್ರ್ಯಾಂಡ್ ವೋವನ್ ತಗೊಳ್ಳಿ. ಗಿಣ್ಣಿನ ಅಂದ ಬೇಕು ಅನ್ನುವವರು, ಕಡಿಮೆ ಓಡಾಟದ ಕೋಣೆಗೆ ಮಲಗಿಸಿದ ಪಟ್ಟಿಯದು ತಗೊಳ್ಳಬಹುದು.

ಬಣ್ಣದ ವಿಷಯ ಒಂದು ಗೊತ್ತಿರಲಿ. ಕಾರ್ಬನೈಸ್ಡ್ ಎಂಬ ಕಂದು ಬಣ್ಣದ ಹಲಗೆಗೆ ಮೇಲಿಂದ ಬಣ್ಣ ಬಳಿದಿರುವುದಿಲ್ಲ. ಬಿದಿರನ್ನು ಹಬೆಯಲ್ಲಿ ಬೇಯಿಸಿದಾಗ ಅದರೊಳಗಿನ ಸಕ್ಕರೆ ಅಂಶ ಕಂದಾಗುತ್ತದೆ. ಬಣ್ಣ ಒಳಗೂ ಅದೇ ಇರುತ್ತದೆ, ಅದು ಲಾಭ. ಆದರೆ ಬೇಯಿಸಿದಷ್ಟೂ ಬಿದಿರು ಮೆತ್ತಗಾಗುತ್ತದೆ. ಒಂದೇ ಬಗೆಯ ತಿಳಿ ಬಣ್ಣದ ಹಲಗೆಗಿಂತ ಕಂದು ಹಲಗೆ ಕಡಿಮೆ ಗಟ್ಟಿ. ಅಂಗಡಿಯಲ್ಲಿ ಇದನ್ನು ಯಾರೂ ತಾವಾಗಿ ಹೇಳುವುದಿಲ್ಲ, ನೀವೇ ಕೇಳಿ.

ಮಗು ನೆಲದ ಮೇಲೇ ಆಡುತ್ತೆ. ಅಂಟಿನ ವಾಸನೆ, ಕೆಮಿಕಲ್ ಏನಾದ್ರೂ ತೊಂದರೆನಾ?

ಕೇಳಬೇಕಾದ ಪ್ರಶ್ನೆ. ಬಿದಿರಿನ ಹಲಗೆಯ ಅಂಟಿನಲ್ಲಿ ಫಾರ್ಮಾಲ್ಡಿಹೈಡ್ ಇರುವುದು ಸಾಮಾನ್ಯ. ಅದು ಗಾಳಿಗೆ ಎಷ್ಟು ಬಿಡುಗಡೆ ಆಗುತ್ತದೆ ಅನ್ನುವುದೇ ಮುಖ್ಯ. ಯುರೋಪಿನ ಇ1 ದರ್ಜೆ, ಇಲ್ಲವೇ ಅಮೆರಿಕದ ಕಾರ್ಬ್ ಫೇಸ್ 2 ಗುರುತು ಪೆಟ್ಟಿಗೆಯ ಮೇಲೆ ಇದೆಯಾ ನೋಡಿ. ಬಾಯಿಮಾತಿಗೆ 'ಇದೆ ಸಾರ್' ಅಂದರೆ ಸಾಲದು, ಪರೀಕ್ಷಾ ವರದಿಯ ಪ್ರತಿ ಕೇಳಿ. ಪೆಟ್ಟಿಗೆ ತೆರೆದಾಗ ಕಣ್ಣು ಉರಿಯುವಷ್ಟು ಘಾಟು ಬಂದರೆ ವಾಪಸ್ ಕೊಡಿ. ಹಾಸಿದ ಮೇಲೆ ಕೆಲವು ದಿನ ಕಿಟಕಿ ತೆರೆದಿಟ್ಟು, ಆಮೇಲೆ ಮಗುವನ್ನು ಆ ಕೋಣೆಯಲ್ಲಿ ಮಲಗಿಸಿ.

ಎಷ್ಟು ಚದರಡಿ ತರಬೇಕು?

ಕೋಣೆಯ ಉದ್ದ ಅಗಲ ಗುಣಿಸಿ, ಕೊಯ್ದು ಹಾಳಾಗುವುದಕ್ಕೆ ಶೇಕಡ 8ರಿಂದ 10 ಸೇರಿಸಿ. 12ಕ್ಕೆ 10 ಅಡಿಯ ಕೋಣೆಗೆ 120 ಚದರಡಿ, ಜೊತೆಗೆ ಹತ್ತು ಹನ್ನೆರಡು. ಪೆಟ್ಟಿಗೆ ಲೆಕ್ಕದಲ್ಲೇ ಮಾರುವುದರಿಂದ ಮೇಲಿನ ಅಂಕಿಗೆ ತಗೊಳ್ಳಿ. ಎಲ್ಲಾ ಪೆಟ್ಟಿಗೆಗಳೂ ಒಂದೇ ಬ್ಯಾಚಿನದಾಗಿರಲಿ. ಅಂಡರ್‌ಲೇ (ಹಲಗೆಯ ಕೆಳಗೆ ಹಾಸುವ ತೆಳು ಪದರ), ಪಾಲಿಥೀನ್ ಶೀಟು, ಬೀಡಿಂಗ್, ಬಾಗಿಲ ಪಟ್ಟಿ ಇವಕ್ಕೂ ದುಡ್ಡು ತೆಗೆದಿಡಿ. ಹಲಗೆಯ ಬೆಲೆಯನ್ನಷ್ಟೇ ನೋಡಿ ಹೊರಟವರಿಗೆ ಇಲ್ಲೇ ಲೆಕ್ಕ ತಪ್ಪುವುದು.

## ನೆಲದ ತಯಾರಿ

ಇರುವ ಟೈಲ್ಸ್ ಕೀಳಬೇಕಾ?

ಬೇಡ. ಟೈಲ್ಸ್ ಗಟ್ಟಿಯಾಗಿ ಕೂತಿದ್ದರೆ ಅದೇ ಒಳ್ಳೆಯ ತಳ. ಒಂದು ನಾಣ್ಯ ಅಥವಾ ಮರದ ಹಿಡಿಯಿಂದ ಒಂದೊಂದೇ ಟೈಲ್ ತಟ್ಟಿ ನೋಡಿ. ಟೊಳ್ಳು ಸದ್ದು ಬಂದದ್ದು, ಅಲ್ಲಾಡುವುದು ಇದ್ದರೆ ಅದನ್ನು ಮಾತ್ರ ತೆಗೆದು ಸಿಮೆಂಟಿನಿಂದ ತುಂಬಿ ಮಟ್ಟ ಮಾಡಿ.

ಮಟ್ಟ ನೋಡಲು ಆರೇಳು ಅಡಿಯ ನೇರವಾದ ಅಲ್ಯೂಮಿನಿಯಂ ಪಟ್ಟಿ ಸಾಕು. ಗಾರೆಯವರ ಹತ್ತಿರ ಇರುತ್ತದೆ. ಅದನ್ನು ನೆಲದ ಮೇಲೆ ಎಲ್ಲಾ ದಿಕ್ಕಿಗೂ ಇಟ್ಟು ಕೆಳಗೆ ಬೆಳಕು ಎಲ್ಲಿ ತೂರುತ್ತದೆ ನೋಡಿ. 2 ಮೀಟರ್ ಉದ್ದದಲ್ಲಿ 3 ಮಿಲಿಮೀಟರ್‌ಗಿಂತ ಜಾಸ್ತಿ ತಗ್ಗು ಇರಬಾರದು. ನೆಲ ಒಂದು ಕಡೆಗೆ ಸ್ವಲ್ಪ ವಾಟವಾಗಿದ್ದರೆ ತೊಂದರೆ ಇಲ್ಲ, ಹಳ್ಳ ದಿಣ್ಣೆ ಇದ್ದರೆ ತೊಂದರೆ. ಹಳ್ಳದ ಮೇಲೆ ಕಾಲಿಟ್ಟಾಗಲೆಲ್ಲ ಹಲಗೆ ಬಗ್ಗುತ್ತದೆ, ಕಿರುಗುಟ್ಟುತ್ತದೆ, ಕೊನೆಗೆ ಲಾಕ್ ಮುರಿಯುತ್ತದೆ. ದಿಣ್ಣೆಯನ್ನು ಉಜ್ಜಿ ತೆಗೆಯಿರಿ, ಹಳ್ಳವನ್ನು ತಾನಾಗಿ ಹರಡಿ ಮಟ್ಟಕ್ಕೆ ಬರುವ ಸೆಲ್ಫ್ ಲೆವೆಲಿಂಗ್ ಕಾಂಪೌಂಡ್‌ನಿಂದ ತುಂಬಿ. ಅಂಡರ್‌ಲೇ ಎರಡು ಪದರ ಹಾಕಿ ಹಳ್ಳ ಮುಚ್ಚುವ ಉಪಾಯ ಮಾತ್ರ ಬೇಡ. ತಳ ಮೆತ್ತಗಾಗಿ ಲಾಕ್ ಇನ್ನೂ ಬೇಗ ಹೋಗುತ್ತದೆ.

ನೆಲದಲ್ಲಿ ತೇವ ಇದೆಯಾ ಇಲ್ವಾ ಅಂತ ಹೇಗೆ ಗೊತ್ತಾಗುತ್ತೆ? ನೋಡಿದರೆ ಒಣಗಿದೆ.

ಕಾಂಕ್ರೀಟು ಮೇಲೆ ಒಣಗಿದ್ದು ಒಳಗೆ ಹಸಿ ಇರುವುದು ಮಾಮೂಲು. 28 ದಿನಕ್ಕೆ ಕಾಂಕ್ರೀಟು ಗಟ್ಟಿಯಾಗುತ್ತದೆ, ಒಣಗುವುದಿಲ್ಲ. ಒಂದು ಇಂಚು ದಪ್ಪಕ್ಕೆ ಸುಮಾರು ಒಂದು ತಿಂಗಳು ಬೇಕು ಅನ್ನುವುದು ಕೆಲಸದವರ ಲೆಕ್ಕ. ನಾಲ್ಕು ಇಂಚಿನ ಹೊಸ ನೆಲಕ್ಕೆ ನಾಲ್ಕು ತಿಂಗಳು. ಮಳೆಗಾಲ ನಡುವೆ ಬಂದರೆ ಇನ್ನೂ ಜಾಸ್ತಿ. ಗೃಹಪ್ರವೇಶದ ಮುಹೂರ್ತಕ್ಕೆ ಹೊಂದಿಸಲು ಅವಸರ ಮಾಡಿದ ಮನೆಗಳಲ್ಲೇ ಹಲಗೆ ಉಬ್ಬಿದ್ದನ್ನು ಹೆಚ್ಚು ನೋಡಿದ್ದೇನೆ.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆ ಇದು. ಒಂದೂವರೆ ಅಡಿ ಚೌಕದ ದಪ್ಪ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ತಗೊಳ್ಳಿ. ನೆಲ ಒರೆಸಿ, ಹಾಳೆ ಹಾಸಿ, ನಾಲ್ಕು ಕಡೆಯೂ ಗಾಳಿಯಾಡದ ಹಾಗೆ ಟೇಪ್ ಅಂಟಿಸಿ. ಒಂದು ಇಡೀ ದಿನ ಬಿಡಿ. ಹಾಳೆಯ ಒಳಮೈಯಲ್ಲಿ ನೀರಿನ ಹನಿ ಕೂತಿದ್ದರೆ ಅಥವಾ ಕೆಳಗಿನ ನೆಲ ಕಪ್ಪಾಗಿದ್ದರೆ ತೇವ ಮೇಲೆ ಬರುತ್ತಿದೆ ಅಂತ ಅರ್ಥ. ಟೈಲ್ಸ್ ನೆಲವಾದರೆ ಹಾಳೆಯ ಕೆಳಗೆ ಸಂದುಗಳು ಬರುವ ಹಾಗೆ ಹಾಸಿ, ತೇವ ಏಳುವುದು ಅಲ್ಲಿಂದಲೇ. ಕೋಣೆಯ ನಡುವೆ ಒಂದು, ಬಚ್ಚಲಿನ ಗೋಡೆ ಹತ್ತಿರ ಒಂದು, ಹೊರಗೋಡೆ ಹತ್ತಿರ ಒಂದು ಮಾಡಿ.

ಈ ಪರೀಕ್ಷೆ ತೇವ ಇದೆಯಾ ಅಂತ ಹೇಳುತ್ತದೆ, ಎಷ್ಟಿದೆ ಅಂತ ಹೇಳುವುದಿಲ್ಲ. ಅನುಮಾನ ಉಳಿದರೆ ಕಾಂಕ್ರೀಟಿನ ಒಳಗಿನ ಗಾಳಿಯ ತೇವಾಂಶ (ಆರ್‌ಎಚ್) ಅಳೆಯುವ ಮೀಟರ್ ಇರುವವರನ್ನು ಕರೆಸಿ. ಸಾಮಾನ್ಯವಾಗಿ ಶೇಕಡ 75ರ ಒಳಗಿರಬೇಕು ಅನ್ನುತ್ತಾರೆ. ಗೋಡೆಗಳ ಬುಡವನ್ನೂ ನೋಡಿ. ಬಣ್ಣ ಹೊಪ್ಪಳೆ ಏಳುತ್ತಿದ್ದರೆ, ಉಪ್ಪಿನಂಥ ಬಿಳಿ ಪುಡಿ ಉದುರುತ್ತಿದ್ದರೆ ಮೊದಲು ಆ ರಿಪೇರಿ ಆಗಲಿ.

ಪರೀಕ್ಷೆಯಲ್ಲಿ ಗೆದ್ದರೂ ಪಾಲಿಥೀನ್ ಶೀಟು ಬೇಕೇ ಬೇಕು. 150 ಮೈಕ್ರಾನ್ ಅಥವಾ ಹೆಚ್ಚು ದಪ್ಪದ್ದು. ಒಂದರ ಮೇಲೊಂದು 8 ಇಂಚು ಬರುವ ಹಾಗೆ ಹಾಸಿ, ಸಂದಿಗೆ ಟೇಪ್ ಹಾಕಿ, ಗೋಡೆಗೆ ಒಂದೆರಡು ಇಂಚು ಹತ್ತಿಸಿ. ಮಿಕ್ಕಿದ್ದನ್ನು ಕೊನೆಗೆ ಕೊಯ್ದರಾಯಿತು. ಅದರ ಮೇಲೆ 2 ಅಥವಾ 3 ಮಿಲಿಮೀಟರ್ ಫೋಮ್ ಅಂಡರ್‌ಲೇ. ಅಂಡರ್‌ಲೇಯಲ್ಲೇ ತೇವ ತಡೆಯುವ ಪದರ ಇದ್ದರೆ ಬೇರೆ ಶೀಟು ಬೇಕಿಲ್ಲ.

ನಮ್ಮದು ಮಂಗಳೂರು ಕಡೆ. ಮಳೆಗಾಲದಲ್ಲಿ ಬಟ್ಟೆನೇ ಒಣಗಲ್ಲ. ಇಲ್ಲಿ ಬಿದಿರು ನಿಲ್ಲುತ್ತಾ?

ಮೇಲಿನ ಮಹಡಿ, ಎಸಿ ಅಥವಾ ಗಾಳಿಯ ತೇವ ಹೀರುವ ಡಿಹ್ಯುಮಿಡಿಫೈಯರ್ ಇರುವ ಕೋಣೆ ಆದರೆ ನಿಲ್ಲುತ್ತದೆ. ಕರಾವಳಿಯಲ್ಲಿ, ಮಲೆನಾಡಿನಲ್ಲಿ ನೆಲಮಹಡಿಯ ಕೋಣೆಗೆ ನಾನು ಯಾರಿಗೂ ಹೇಳುವುದಿಲ್ಲ. ಬಿದಿರಿಗೆ ಹಿತವಾದದ್ದು ಗಾಳಿಯಲ್ಲಿ ಶೇಕಡ 40ರಿಂದ 60 ತೇವಾಂಶ. ಜೂನ್, ಜುಲೈಯಲ್ಲಿ ಕರಾವಳಿಯ ಗಾಳಿ ಇದನ್ನು ದಾಟಿ ವಾರಗಟ್ಟಲೆ ಹಾಗೇ ಇರುತ್ತದೆ.

ಕಲಬುರಗಿ, ರಾಯಚೂರು ಕಡೆಯವರಿಗೆ ತದ್ವಿರುದ್ಧ ಸಮಸ್ಯೆ. ಏಪ್ರಿಲ್, ಮೇ ಬಿಸಿಲಿಗೆ ಗಾಳಿ ಒಣಗಿ ಹಲಗೆ ಕುಗ್ಗುತ್ತದೆ, ಸಂದು ಬಿಡುತ್ತದೆ. ಬೆಂಗಳೂರು, ಮೈಸೂರಿನವರು ಅದೃಷ್ಟವಂತರು. ಅಲ್ಲೂ ಬೇಸಿಗೆಯ ತೀರಾ ಒಣ ದಿನ, ಮಳೆಗಾಲದ ತೀರಾ ಹಸಿ ದಿನ ಬಿಟ್ಟು, ನವೆಂಬರ್‌ನಿಂದ ಫೆಬ್ರವರಿ ಒಳಗೆ ಹಾಸಿದರೆ ಒಳ್ಳೆಯದು. ಆಗ ಹಲಗೆ ಎರಡೂ ಅತಿಗಳ ನಡುವೆ ಇರುತ್ತದೆ. ಗಾಳಿಯ ತೇವ ಅಳೆಯುವ ಒಂದು ಸಣ್ಣ ಹೈಗ್ರೋಮೀಟರ್ ಕೊಂಡು ಗೋಡೆಗೆ ನೇತುಹಾಕಿ. ದುಬಾರಿ ಅಲ್ಲ, ಆದರೆ ಬಹಳ ಕೆಲಸಕ್ಕೆ ಬರುತ್ತದೆ.

ಪೆಟ್ಟಿಗೆ ಬಂದ ದಿನವೇ ಹಾಸಬಹುದಾ?

ಬೇಡ. ಹಲಗೆ ಆ ಕೋಣೆಯ ಗಾಳಿಗೆ ಹೊಂದಿಕೊಳ್ಳಬೇಕು. ಸಾಮಾನ್ಯ ಹಲಗೆಗೆ ಕನಿಷ್ಠ ಮೂರು ದಿನ. ಸ್ಟ್ರ್ಯಾಂಡ್ ವೋವನ್ ತುಂಬಾ ಬಿಗಿಯಾಗಿರುವುದರಿಂದ ತೇವ ಒಳಗೆ ಹೋಗುವುದೂ ಹೊರಗೆ ಬರುವುದೂ ನಿಧಾನ, ಅದಕ್ಕೆ ಹತ್ತು ದಿನವಾದರೂ ಕೊಡಿ. ಪೆಟ್ಟಿಗೆ ತೆರೆದು, ಗಾಳಿಯಾಡುವಂತೆ ಅಡ್ಡಡ್ಡ ಪೇರಿಸಿ, ಹಾಸುವ ಕೋಣೆಯಲ್ಲೇ ಇಡಿ. ಗ್ಯಾರೇಜಿನಲ್ಲಿ ಇಟ್ಟರೆ ಲೆಕ್ಕಕ್ಕಿಲ್ಲ. ಕೆಲವು ತಯಾರಕರು ಬೇರೆ ಥರ ಹೇಳುತ್ತಾರೆ. ಪೆಟ್ಟಿಗೆಯೊಳಗಿನ ಚೀಟಿಯ ಮಾತೇ ಕೊನೆ, ಇಲ್ಲದಿದ್ದರೆ ವಾರಂಟಿ ಸಿಗುವುದಿಲ್ಲ.

## ಹಾಸುವಾಗ

ಏನೇನು ಸಾಮಾನು ಬೇಕು?

ಟೇಪು, ಮೂಲೆಮಟ್ಟ, ಪೆನ್ಸಿಲ್, ಬಣ್ಣದ ದಾರ, ರಬ್ಬರ್ ಸುತ್ತಿಗೆ, ಏಟು ಹಲಗೆಗೆ ನೇರ ತಾಗದಂತೆ ನಡುವೆ ಇಡುವ ಟ್ಯಾಪಿಂಗ್ ಬ್ಲಾಕ್, ಗೋಡೆ ಪಕ್ಕದ ಕೊನೆಯ ಸಾಲನ್ನು ಎಳೆದು ಕೂರಿಸುವ ಪುಲ್ ಬಾರ್, ಗೋಡೆಗೆ ಇಡುವ ಬೆಣೆಗಳು. ಕೊಯ್ಯಲು ಸರ್ಕ್ಯುಲರ್ ಸಾ, ಬಾಗಿದ ಕಡೆ ಜಿಗ್‌ಸಾ. ಸ್ಟ್ರ್ಯಾಂಡ್ ವೋವನ್ ಬ್ಲೇಡನ್ನು ಬೇಗ ಮೊಂಡು ಮಾಡುತ್ತದೆ, ಹಾಗಾಗಿ ಕಾರ್ಬೈಡ್ ಹಲ್ಲಿನ, 60 ಅಥವಾ ಹೆಚ್ಚು ಹಲ್ಲಿರುವ ಬ್ಲೇಡ್ ಹಾಕಿ. ಎನ್95 ಮಾಸ್ಕ್, ಕನ್ನಡಕ ಇಲ್ಲದೆ ಕೊಯ್ಯಬೇಡಿ. ಬಿದಿರಿನ ದೂಳು ಬಲು ಸಣ್ಣದು, ಅಂಟೂ ಅದರಲ್ಲಿ ಬೆರೆತಿರುತ್ತದೆ. ಕೊಯ್ಯುವುದನ್ನು ಬಾಲ್ಕನಿಯಲ್ಲೋ ತಾರಸಿಯಲ್ಲೋ ಮಾಡಿ.

ಯಾವ ಕಡೆಯಿಂದ ಶುರು ಮಾಡ್ಬೇಕು? ಕೊನೆಯ ಸಾಲು ಸಣ್ಣ ಚೂರಾಗಿ ಉಳೀತದಲ್ಲ?

ಹಲಗೆಯ ಉದ್ದ, ಕೋಣೆಯ ಉದ್ದನೆಯ ಗೋಡೆಗೆ ಸಮಾನಾಂತರವಾಗಿ ಹೋಗಲಿ. ದೊಡ್ಡ ಕಿಟಕಿಯಿಂದ ಬರುವ ಬೆಳಕಿನ ದಿಕ್ಕಿಗೇ ಹಲಗೆ ಮಲಗಿದರೆ ಸಂದುಗಳು ಕಡಿಮೆ ಕಾಣುತ್ತವೆ.

ಕೊನೆಯ ಸಾಲಿನ ಲೆಕ್ಕವನ್ನು ಮೊದಲ ಹಲಗೆ ಕೊಯ್ಯುವ ಮುಂಚೆಯೇ ಮಾಡಬೇಕು. ಕೋಣೆಯ ಅಗಲ 10 ಅಡಿ, ಅಂದರೆ 3048 ಮಿಲಿಮೀಟರ್ ಅನ್ನೋಣ. ಎರಡು ಗೋಡೆಯ ಬಳಿಯೂ ಬಿಡುವ ತಲಾ 12 ಮಿಲಿಮೀಟರ್ ಕಳೆದರೆ 3024. ಹಲಗೆಯ ಅಗಲ 130 ಆದರೆ 23 ಪೂರ್ತಿ ಸಾಲು ಬಂದು 34 ಮಿಲಿಮೀಟರ್ ಉಳಿಯುತ್ತದೆ. ಒಂದೂಕಾಲು ಇಂಚಿನ ಆ ಚೂರು ನೋಡಲೂ ಚೆಂದವಲ್ಲ, ಲಾಕ್ ಆಗಿ ನಿಲ್ಲುವುದೂ ಇಲ್ಲ. ಅದಕ್ಕೆ 34ಕ್ಕೆ ಒಂದು ಪೂರ್ತಿ ಹಲಗೆಯ 130 ಸೇರಿಸಿ 164 ಮಾಡಿ, ಎರಡು ಭಾಗ ಮಾಡಿ. ಮೊದಲ ಸಾಲು 82, ಕೊನೆಯ ಸಾಲು 82, ನಡುವೆ 22 ಪೂರ್ತಿ ಸಾಲು. ಎರಡೂ ಕಡೆ ಒಂದೇ ಥರ ಕಾಣುತ್ತದೆ.

ನಮ್ಮ ಗೋಡೆಗಳು ನೇರ ಇರುವುದು ಕಡಿಮೆ. ಹಾಗಾಗಿ ಗೋಡೆಯನ್ನು ನಂಬಬೇಡಿ, ದಾರ ಹಿಡಿದು ಗೆರೆ ಹಾಕಿ, ಮೊದಲ ಸಾಲನ್ನು ಆ ಗೆರೆಗೆ ಕೂರಿಸಿ. ಮೊದಲ ಸಾಲು ಒಂದು ಕೂದಲೆಳೆ ಓರೆ ಹೋದರೂ ಹತ್ತನೇ ಸಾಲಿಗೆ ಅದು ಎದ್ದು ಕಾಣುತ್ತದೆ.

ಮೂರ್ನಾಲ್ಕು ಪೆಟ್ಟಿಗೆ ಒಟ್ಟಿಗೆ ತೆರೆದು ಹಲಗೆಗಳನ್ನು ಬೆರೆಸಿ ಹಾಸಿ. ಇಲ್ಲದಿದ್ದರೆ ಒಂದು ಪೆಟ್ಟಿಗೆಯ ಬಣ್ಣ ಒಂದು ಕಡೆ ಪಟ್ಟೆಯ ಹಾಗೆ ಉಳಿಯುತ್ತದೆ. ಒಂದು ಸಾಲಿನ ತುದಿಯ ಸಂದಿಗೂ ಪಕ್ಕದ ಸಾಲಿನ ಸಂದಿಗೂ ಕನಿಷ್ಠ 8 ಇಂಚು ದೂರ ಇರಲಿ. ಕೊನೆಯಲ್ಲಿ ಕೊಯ್ದು ಉಳಿದ ತುಂಡು ಒಂದು ಅಡಿಗಿಂತ ಉದ್ದ ಇದ್ದರೆ ಅದರಿಂದಲೇ ಮುಂದಿನ ಸಾಲು ಶುರು ಮಾಡಿ.

ಗೋಡೆ ಪಕ್ಕ ಯಾಕೆ ಜಾಗ ಬಿಡಬೇಕು? ಟೈಲ್ಸ್ ಸ್ಕರ್ಟಿಂಗ್ ಇದೆ, ಅದಕ್ಕೆ ಅಂಟಿಸಿದರೆ ಚೆಂದ ಅಲ್ವಾ?

ಮಳೆಗಾಲದಲ್ಲಿ ಇಡೀ ಹಾಸು ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಹಿಗ್ಗಲು ಜಾಗ ಇಲ್ಲದಿದ್ದರೆ ನಡುವೆ ಎದ್ದು ನಿಲ್ಲುತ್ತದೆ. ಅದಕ್ಕೇ ಸುತ್ತಲೂ 12 ಮಿಲಿಮೀಟರ್ ಬಿಡುವುದು. ಗೋಡೆ ಮಾತ್ರ ಅಲ್ಲ, ಕಂಬ, ಬಾಗಿಲ ಚೌಕಟ್ಟು, ನೆಲಕ್ಕೆ ಕೂರಿಸಿದ ವಾರ್ಡ್‌ರೋಬ್, ಪೈಪು, ಎಲ್ಲದರ ಸುತ್ತಲೂ.

ನಮ್ಮ ಮನೆಗಳ ನಾಲ್ಕಿಂಚಿನ ಟೈಲ್ಸ್ ಸ್ಕರ್ಟಿಂಗ್ ಕೀಳುವುದು ಕಷ್ಟ. ಕೀಳದೆಯೇ ಸಂದಿಯನ್ನು ಕಾಲುಸುತ್ತಿನ (ಕ್ವಾರ್ಟರ್ ರೌಂಡ್) ಮರದ ಬೀಡಿಂಗ್‌ನಿಂದ ಮುಚ್ಚಿ. ಬೀಡಿಂಗನ್ನು ಸ್ಕರ್ಟಿಂಗ್‌ಗೆ ಅಂಟಿಸಿ, ಹಲಗೆಗೆ ಅಂಟಿಸಬೇಡಿ. ಹಲಗೆ ಅದರ ಕೆಳಗೆ ಸರಾಗವಾಗಿ ಜಾರಬೇಕು. ಸಂದಿಗೆ ವೈಟ್ ಸಿಮೆಂಟು, ಪುಟ್ಟಿ ತುಂಬಬೇಡಿ. ಬಣ್ಣದವರು ಆಮೇಲೆ ಬಂದು ಒಳ್ಳೆಯ ಮನಸ್ಸಿನಿಂದಲೇ ತುಂಬಿಬಿಡುತ್ತಾರೆ, ಅವರಿಗೂ ಮೊದಲೇ ಹೇಳಿಡಿ.

ಹಾಸು 25, 30 ಅಡಿಗಿಂತ ಉದ್ದ ಹೋಗುವುದಾದರೆ ನಡುವೆ ಸಂದು ಬಿಟ್ಟು, ಅದನ್ನು ಮುಚ್ಚುವ ಒಂದು ಟಿ ಪಟ್ಟಿ ಹಾಕಿ ಎರಡು ಭಾಗ ಮಾಡಿ. ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗುವ ಬಾಗಿಲಲ್ಲೂ ಅದೇ.

ನೆಲ ಎತ್ತರ ಆದ್ರೆ ಬಾಗಿಲು ತಾಗಲ್ವಾ?

ತಾಗುತ್ತದೆ. 14 ಮಿಲಿಮೀಟರ್ ಹಲಗೆ, 3 ಮಿಲಿಮೀಟರ್ ಅಂಡರ್‌ಲೇ ಸೇರಿ 17. ಅಂಡರ್‌ಲೇ ಚೂರು, ಅದರ ಮೇಲೆ ಹಲಗೆಯ ಒಂದು ತುಂಡು ಬಾಗಿಲ ಬಳಿ ಇಟ್ಟು ಗೆರೆ ಹಾಕಿ, ಬಾಗಿಲು ಕಳಚಿ ಕೆಳಗೆ ಕೊಯ್ಯಿಸಿ. ಮೇಲೆ ಮೂರ್ನಾಲ್ಕು ಮಿಲಿಮೀಟರ್ ಓಡಾಟಕ್ಕೂ ಬಿಡಿ. ಫ್ಲಶ್ ಡೋರ್ ಆದರೆ ಎಷ್ಟು ಕೊಯ್ಯಬಹುದು ಅಂತ ಬಡಗಿಯನ್ನು ಕೇಳಿ. ಜಾಸ್ತಿ ಕೊಯ್ದರೆ ಒಳಗಿನ ಚೌಕಟ್ಟು ಹೋಗುತ್ತದೆ. ಮರದ ಚೌಕಟ್ಟಿನ ಬುಡವನ್ನು ಹಲಗೆಯ ದಪ್ಪಕ್ಕೆ ಕೊಯ್ದು, ಹಲಗೆಯನ್ನು ಅದರಡಿ ತೂರಿಸಿದರೆ ನೋಡಲು ಅಚ್ಚುಕಟ್ಟು.

ಹಲಗೆ ಕೂರ್ತಾನೇ ಇಲ್ಲ, ಎಷ್ಟು ಬಡಿದರೂ ಸಂದು ಉಳಿಯುತ್ತೆ.

ಬಡಿಯುವುದು ನಿಲ್ಲಿಸಿ. ಹತ್ತರಲ್ಲಿ ಒಂಬತ್ತು ಸಲ ಗ್ರೂವ್‌ನಲ್ಲಿ ಒಂದು ಚೂರು ಹೊಟ್ಟು ಸಿಕ್ಕಿಕೊಂಡಿರುತ್ತದೆ. ಹಲಗೆ ತೆಗೆದು, ಬ್ರಷ್‌ನಿಂದ ಗುಡಿಸಿ, ಮತ್ತೆ ಓರೆಯಾಗಿ ಇಟ್ಟು ಒತ್ತಿ. ಸುತ್ತಿಗೆ ಏಟು ಯಾವತ್ತೂ ಟ್ಯಾಪಿಂಗ್ ಬ್ಲಾಕ್ ಮೇಲೆ ಬೀಳಬೇಕು, ಹಲಗೆಯ ಅಂಚಿಗಲ್ಲ. ಆದರೂ ಕೂರದಿದ್ದರೆ ಹಲಗೆ ಬಾಗಿದೆಯಾ ನೋಡಿ. ಬಾಗಿದ್ದನ್ನು ಪಕ್ಕಕ್ಕಿಟ್ಟು ಸಣ್ಣ ತುಂಡುಗಳಿಗೆ ಬಳಸಿ.

## ಹಾಸಿದ ಮೇಲೆ

ನಮ್ಮಲ್ಲಿ ದಿನಾ ಬಕೆಟ್ ನೀರಲ್ಲಿ ಫಿನೈಲ್ ಹಾಕಿ ಒರೆಸ್ತಾರೆ. ಅದು ಬೇಡ್ವಾ?

ಬೇಡ. ಈ ನೆಲಕ್ಕೆ ಮುಖ್ಯವಾಗಿ ಬದಲಾಗಬೇಕಾದ ಅಭ್ಯಾಸವೇ ಅದು. ಮೆತ್ತನೆಯ ಪೊರಕೆಯಲ್ಲಿ ಗುಡಿಸಿ. ಒರೆಸಬೇಕಾದರೆ ಮೈಕ್ರೋಫೈಬರ್ ಬಟ್ಟೆಯನ್ನು ನೀರು ತೊಟ್ಟಿಕ್ಕದಷ್ಟು ಹಿಂಡಿ ಒರೆಸಿ. ಒರೆಸಿದ ಗುರುತು ಒಂದು ನಿಮಿಷದಲ್ಲಿ ಆರಬೇಕು. ಫಿನೈಲ್, ಆ್ಯಸಿಡ್, ಸೋಪಿನ ಪುಡಿ, ಸ್ಟೀಮ್ ಮಾಪ್ ಯಾವುದೂ ಬೇಡ. ಮನೆಕೆಲಸಕ್ಕೆ ಬರುವವರಿಗೆ ಮೊದಲ ದಿನವೇ ಜೊತೆಗೆ ನಿಂತು ತೋರಿಸಿಕೊಡಿ. ಹೇಳದೆ ಆಮೇಲೆ ಬೈದರೆ ಅದು ಅನ್ಯಾಯ. ನೀರು ಚೆಲ್ಲಿದರೆ ತಕ್ಷಣ ಒರೆಸಿ. ಬಾಗಿಲಾಚೆ ಚಪ್ಪಲಿ ಬಿಡುವ ನಮ್ಮ ಅಭ್ಯಾಸ ಈ ನೆಲಕ್ಕೆ ದೊಡ್ಡ ಉಪಕಾರ. ಗೀರು ಬೀಳುವುದು ಮರಳು ಕಣಗಳಿಂದಲೇ ಜಾಸ್ತಿ.

ಗೆದ್ದಲು ಹಿಡಿಯಲ್ವಾ?

ಬಿದಿರಿನೊಳಗಿನ ಪಿಷ್ಟಕ್ಕೆ ಕುಟ್ಟೆ ಹುಳು ಬರುತ್ತದೆ. ಕಾರ್ಖಾನೆಯಲ್ಲಿ ಬೇಯಿಸಿ ಪಿಷ್ಟ, ಸಕ್ಕರೆ ತೆಗೆಯುವುದು, ಬೋರಾನ್ ಉಪ್ಪಿನ ದ್ರಾವಣದಲ್ಲಿ ಅದ್ದುವುದು ಇದಕ್ಕೇ. ಆದರೆ ಗೆದ್ದಲು ಮಣ್ಣಿನಿಂದ ಬರುವಂಥದ್ದು. ನೆಲಮಹಡಿಯಲ್ಲಿ ಗೋಡೆ ಮತ್ತು ನೆಲ ಸೇರುವ ಬಿರುಕಿನಿಂದ ಏರುತ್ತದೆ. ಮನೆಯಲ್ಲಿ ಈಗಾಗಲೇ ಗೆದ್ದಲಿನ ಮಣ್ಣಿನ ಗೆರೆ ಕಂಡಿದ್ದರೆ ಮೊದಲು ಅದಕ್ಕೆ ಚಿಕಿತ್ಸೆ ಮಾಡಿಸಿ. ಕಟ್ಟಿದ ಮನೆಗಳಿಗೆ ರಂಧ್ರ ಕೊರೆದು ಔಷಧಿ ಬಿಡುವ ವಿಧಾನಕ್ಕೆ ಐಎಸ್ 6313ರ 3ನೇ ಭಾಗ ಎಂಬ ಮಾನಕ ಇದೆ. ಅದರಂತೆ ಮಾಡುತ್ತೀರಾ ಅಂತ ಕೇಳಿ. ಹಾಸಿದ ಮೇಲೆ ರಂಧ್ರ ಕೊರೆಯುವುದು ಆಗದ ಮಾತು.

ಕಬ್ಬಿಣದ ಬೀರು, ಮಂಚ ಇಟ್ಟರೆ ಪರವಾಗಿಲ್ವಾ?

ಇಡಬಹುದು. ಕಾಲಿನ ಅಡಿಗೆ ದಪ್ಪ ಫೆಲ್ಟ್ ಅಂಟಿಸಿ, ಎಳೆಯದೆ ಎತ್ತಿ ಇಡಿ. ಆದರೆ ಗೋಡೆಗೆ ಸೇರಿಸಿ ಕಟ್ಟುವ ಭಾರದ ವಾರ್ಡ್‌ರೋಬನ್ನು ಹಲಗೆಯ ಮೇಲೆ ಕೂರಿಸಬೇಡಿ. ಅದು ಒಂದು ಕಡೆ ಹಿಡಿದಿಟ್ಟರೆ ಹಾಸು ಹಿಗ್ಗಲಾಗದೆ ಇನ್ನೊಂದು ಕಡೆ ಎದ್ದುಬಿಡುತ್ತದೆ. ಮೊದಲು ವಾರ್ಡ್‌ರೋಬ್, ಆಮೇಲೆ ಅದರ ಸುತ್ತ ನೆಲ.

## ಇನ್ನೂ ಆಳದ ಪ್ರಶ್ನೆಗಳು

ಮಳೆ ಶುರುವಾದ ಮೇಲೆ ಹಲಗೆ ಆಕಾರವೇ ಬದಲಾಗಿದೆ. ಏನು ಮಾಡಲಿ?

ಹೇಗೆ ಬದಲಾಗಿದೆ ಅನ್ನುವುದರಲ್ಲೇ ಕಾರಣ ಇದೆ. ಪ್ರತಿ ಹಲಗೆಯ ಎರಡು ಅಂಚೂ ಮೇಲೆದ್ದು ನಡು ತಗ್ಗಾಗಿದ್ದರೆ ಕೆಳಗಿನಿಂದ ತೇವ ಬರುತ್ತಿದೆ. ಪಕ್ಕದ ಬಚ್ಚಲಿನ ಪೈಪು, ಹೊರಗೋಡೆಯ ಬಿರುಕು ಹುಡುಕಿ. ಮೂಲ ನಿಂತ ಮೇಲೆ ಫ್ಯಾನು ಹಾಕಿ ವಾರಗಟ್ಟಲೆ ಒಣಗಲು ಬಿಟ್ಟರೆ ಎಷ್ಟೋ ಸಲ ತಾನಾಗಿಯೇ ಮಟ್ಟಕ್ಕೆ ಬರುತ್ತದೆ. ಅವಸರಪಟ್ಟು ಎದ್ದ ಅಂಚನ್ನು ಉಜ್ಜಿಸಬೇಡಿ. ಒಣಗಿದ ಮೇಲೆ ಆ ಅಂಚು ತಗ್ಗಾಗಿ, ನಡು ಉಬ್ಬಿದ ಹಾಗೆ ಉಳಿದುಬಿಡುತ್ತದೆ.

ಹಲಗೆಗಳು ಚಪ್ಪಟೆಯಾಗಿಯೇ ಇದ್ದು, ಇಡೀ ಹಾಸು ಒಂದು ಕಡೆ ಗುಡಾರದ ಹಾಗೆ ಎದ್ದಿದ್ದರೆ ಎಲ್ಲೋ ಅಂಚು ಗೋಡೆಗೆ ತಾಗಿದೆ. ಬೀಡಿಂಗ್ ತೆಗೆದು ಸುತ್ತ ನೋಡಿ, ತಾಗಿದ ಜಾಗ ಕೊಯ್ದು ಸಂದು ಮಾಡಿ. ಅದು ನಿಧಾನವಾಗಿ ಇಳಿಯುತ್ತದೆ. ಬೇಸಿಗೆಯಲ್ಲಿ ಕಾಣುವ ಕೂದಲೆಳೆಯ ಸಂದುಗಳು ಮಳೆಗಾಲಕ್ಕೆ ಮುಚ್ಚಿಕೊಳ್ಳುತ್ತವೆ, ಅದಕ್ಕೆ ಏನೂ ತುಂಬಬೇಡಿ.

ಅಂಟು ಹಾಕಿ ಹಾಸಿದರೆ ಇನ್ನೂ ಗಟ್ಟಿ, ಸದ್ದು ಬರಲ್ಲ ಅಂತಾರೆ. ನಿಜವಾ?

ನಿಜ. ನಡೆಯುವಾಗ ಕಲ್ಲಿನ ನೆಲದ ಹಾಗೇ ಬಿಗಿಯಾಗಿರುತ್ತದೆ. ಆದರೆ ಅದಕ್ಕೆ ಬೇಕಾದ ಯುರೆಥೇನ್ ಅಂಟು ದುಬಾರಿ, ಕೈಗೆ, ಹಲಗೆಗೆ ಮೆತ್ತಿದರೆ ಬಿಡಿಸುವುದು ಕಷ್ಟ, ಕಾಂಕ್ರೀಟಿಗೆ ತೇವ ತಡೆಯುವ ಪದರವನ್ನು ಬೇರೆ ಬಳಿಯಬೇಕು. ನುಣುಪಾದ ವಿಟ್ರಿಫೈಡ್ ಟೈಲ್ಸ್ ಮೇಲೆ ಅಂಟು ಸರಿಯಾಗಿ ಹಿಡಿಯುವುದಿಲ್ಲ. ಮುಂದೆ ಕೀಳಬೇಕಾದರೆ ನೆಲವೂ ಹಾಳು. ಮೊದಲ ಸಲ ಮಾಡುವವರಿಗೆ ನಾನು ಇದನ್ನು ಹೇಳುವುದಿಲ್ಲ.

ಮಗ ಅಮೆರಿಕದಲ್ಲಿ ಮನೆ ತಗೊಂಡಿದ್ದಾನೆ. ಅಲ್ಲೂ ಇದೇ ಥರ ಮಾಡಬಹುದಾ?

ಕ್ಲಿಕ್ ಹಲಗೆ ಹಾಸುವ ರೀತಿ ಅದೇ. ಆದರೆ ಅಲ್ಲಿನ ಬಹಳಷ್ಟು ಮನೆಗಳ ನೆಲ ಪ್ಲೈವುಡ್‌ನದು, ಹಾಗಾಗಿ ಮೊಳೆ ಹೊಡೆದು ಹಾಸುವ ದಾರಿಯೂ ಇದೆ. ಸ್ಟ್ರ್ಯಾಂಡ್ ವೋವನ್‌ಗೆ ದಪ್ಪ ಮೊಳೆ ಹೊಡೆದರೆ ಮೇಲ್ಮೈ ಉಬ್ಬುತ್ತದೆ, ನಾಲಿಗೆ ಸೀಳುತ್ತದೆ. 18 ಗೇಜಿನ ತೆಳು ಮೊಳೆ ಬಳಸಬೇಕು. ಹೊಡೆಯುವ ಮೊದಲು ಪ್ಲೈವುಡ್‌ನ ತೇವ ಮತ್ತು ಹಲಗೆಯ ತೇವ ಎರಡನ್ನೂ ಮೀಟರ್‌ನಲ್ಲಿ ಅಳೆದು, 3 ಇಂಚಿಗಿಂತ ಅಗಲದ ಹಲಗೆಗೆ ವ್ಯತ್ಯಾಸ ಶೇಕಡ 2ರ ಒಳಗಿದೆಯಾ ನೋಡಲು ಹೇಳಿ. ಚಳಿ ಜಾಸ್ತಿ ಇರುವ ಊರಾದರೆ ಹೀಟರ್‌ನಿಂದ ಮನೆಯ ಗಾಳಿ ತೀರಾ ಒಣಗುತ್ತದೆ, ಹ್ಯುಮಿಡಿಫೈಯರ್ ಬೇಕಾಗುತ್ತದೆ.

ನಡುವಿನ ಒಂದೇ ಹಲಗೆ ಹಾಳಾಗಿದೆ. ಅದನ್ನಷ್ಟೇ ಬದಲಿಸೋಕೆ ಆಗುತ್ತಾ? ಇಲ್ಲಾ ಪಾಲಿಶ್ ಮಾಡಿಸಲಾ?

ಗೋಡೆಗೆ ಹತ್ತಿರ ಇದ್ದರೆ ಬೀಡಿಂಗ್ ತೆಗೆದು, ಸಾಲುಗಳನ್ನು ಬಿಚ್ಚುತ್ತಾ ಹೋಗಿ ಬದಲಿಸಿ. ನಟ್ಟನಡುವೆ ಇದ್ದರೆ ಸರ್ಕ್ಯುಲರ್ ಸಾ ಆಳವನ್ನು ಹಲಗೆಯ ದಪ್ಪಕ್ಕೆ ಸರಿಯಾಗಿ ಹೊಂದಿಸಿ, ಹಲಗೆಯ ಒಳಗೆ ನಾಲ್ಕು ಕಡೆ ಕೊಯ್ದು ತೆಗೆಯಬೇಕು. ಕೆಳಗಿನ ಪಾಲಿಥೀನ್ ಹರಿಯದ ಹಾಗೆ ನೋಡಿಕೊಳ್ಳಿ, ಹರಿದರೆ ಟೇಪ್ ಹಾಕಿ. ಉಳಿದ ಅಂಚನ್ನು ಉಳಿಯಿಂದ ಬಿಡಿಸಿ. ಹೊಸ ಹಲಗೆಯ ಗ್ರೂವ್‌ನ ಕೆಳತುಟಿ ಕೊಯ್ದು, ಪಕ್ಕದ ಹಲಗೆಗಳಿಗೆ ಮಾತ್ರ ಮರದ ಅಂಟು ಹಾಕಿ ಮೇಲಿನಿಂದ ಇಳಿಸಿ. ಒಂದು ದಿನ ಭಾರ ಇಡಿ.

ಪಾಲಿಶ್ ಮಾಡಿಸುವುದು ಹಲಗೆಯ ಬಗೆಯ ಮೇಲೆ ಹೋಗುತ್ತದೆ. ಪೂರ್ತಿ ಬಿದಿರಿನ ಹಲಗೆಯನ್ನು ಒಂದೆರಡು ಸಲ ಉಜ್ಜಿ ಮತ್ತೆ ಲೇಪ ಕೊಡಬಹುದು. ಮೇಲೆ ತೆಳು ಬಿದಿರು, ಕೆಳಗೆ ಬೇರೆ ಮರ ಇರುವ ಎಂಜಿನಿಯರ್ಡ್ ಹಲಗೆಯನ್ನು ಉಜ್ಜಿದರೆ ಬಿದಿರೇ ಹೋಗಿಬಿಡಬಹುದು.

ಇದಕ್ಕೆಲ್ಲ ಹಲಗೆ ಬೇಕಲ್ಲ, ಅದಕ್ಕೆ ಕೊಳ್ಳುವಾಗಲೇ ಒಂದು ಪೆಟ್ಟಿಗೆ ಜಾಸ್ತಿ ತಂದು ಒಣ ಜಾಗದಲ್ಲಿ ಇಡಿ. ಎರಡು ವರ್ಷದ ನಂತರ ಅದೇ ಬಣ್ಣ ಅಂಗಡಿಯಲ್ಲಿ ಸಿಗುತ್ತದೆ ಅನ್ನುವ ಭರವಸೆ ಇಲ್ಲ. ಹೊಸ ಹಲಗೆ ಮೊದಲಿಗೆ ಬೇರೆ ಬಣ್ಣದ್ದಾಗಿ ಕಾಣುತ್ತದೆ. ಬೆಳಕು ಬಿದ್ದ ಹಾಗೆ ತಿಳಿ ಬಣ್ಣದ ಬಿದಿರು ಜೇನುಬಣ್ಣಕ್ಕೆ ತಿರುಗುತ್ತದೆ, ಕಂದು ಬಿದಿರು ಸ್ವಲ್ಪ ತಿಳಿಯಾಗುತ್ತದೆ. ಕೆಲವು ತಿಂಗಳಲ್ಲಿ ವ್ಯತ್ಯಾಸ ಕಡಿಮೆಯಾಗುತ್ತದೆ, ಅಲ್ಲಿಯವರೆಗೆ ಆ ಜಾಗದ ಮೇಲೆ ಜಮಖಾನ ಹಾಸಿ ಬೆಳಕು ತಡೆಯಬೇಡಿ.